ಬುತ್ತಿಕಟ್ಟೆಯ ತಡೆಗೋಡೆ: ಎರಡು ಕುಸಿತ, ಒಂದು ಹಳೆಯ ಚರಂಡಿ

ನಮ್ಮ ಕಾಲೇಜಿನ ಗ್ರಂಥಾಲಯವನ್ನು ದಾಟಿ ಸಿಲ್ವರ್ ಓಕ್ ಸಾಲಿನ ನಡುವೆ ಇಳಿದರೆ ಸಿಗುವ ಸಮತಟ್ಟಾದ ಅಂಗಳವನ್ನು ಕಚೇರಿಯ ಕಡತಗಳಲ್ಲಿ ‘ವಿಹಾರ ಸ್ಥಳ’ ಎಂದು ಬರೆದಿದೆ. ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಅದು ಹಿಂದಿನಿಂದಲೂ ಬುತ್ತಿಕಟ್ಟೆ. ಉದ್ದ 62 ಅಡಿ, ಅಗಲ 38 ಅಡಿ. ಏಳು ಕಲ್ಲುಬೆಂಚುಗಳು, ಮಂಗಳೂರು ಹೆಂಚಿನ ಒಂದು ಸಣ್ಣ ಮಂಟಪ, ಪಶ್ಚಿಮದ ಇಳಿಜಾರಿನ ಕಡೆಗೆ 41 ಅಡಿ ಉದ್ದದ, ಐದೂವರೆ ಅಡಿ ಎತ್ತರದ ಕಲ್ಲಿನ ತಡೆಗೋಡೆ, ಅದರಾಚೆ ಪೊದೆ ಮುಚ್ಚಿದ ಒಂದು ಕಂದಕ. ಇಷ್ಟೇ ಅಲ್ಲಿರುವುದು.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಮನೆಗಳು ಮಣ್ಣುಪಾಲಾದ ದಿನಗಳಲ್ಲಿ ಈ ಗೋಡೆಯ 14 ಅಡಿ ಭಾಗವೂ ಉರುಳಿತು. ಊರಿನ ಸಂಕಟದ ಮುಂದೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ. ಮರುವರ್ಷ ಒಬ್ಬ ಗುತ್ತಿಗೆದಾರರು ಬಿದ್ದ ಕಲ್ಲುಗಳನ್ನೇ ಪೇರಿಸಿ, ಅಂಗಳಕ್ಕೆ ಕೆಮ್ಮಣ್ಣು ಹೊಡೆಸಿ, ಉಳಿದ ಮಣ್ಣನ್ನು ಕಂದಕಕ್ಕೆ ಸುರಿದು ಹೋದರು. ಅದು ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟಿತು. ಆಮೇಲೆ ಕೊರೊನಾ ಬಂದು, ಅಂಗಳಕ್ಕೆ ಹಗ್ಗ ಕಟ್ಟಿ ಬಿಡಲಾಯಿತು.

ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವೂ ನನ್ನ ಹೊಣೆಯಲ್ಲಿದೆ. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ₹1,20,000 ಹಣದಲ್ಲಿ ಕೈಗೊಂಡ ದುರಸ್ತಿಯ ದಾಖಲೆ ಇದು. ಕೆಲಸ ಮೂರು ತಿಂಗಳಲ್ಲಿ ಮುಗಿಯುವುದೆಂದು ಅಂದಾಜಿಸಿದ್ದೆ. ಹದಿನಾರು ತಿಂಗಳು ಹಿಡಿಯಿತು, ಅದರಲ್ಲಿ ಹೆಚ್ಚಿನ ಪಾಲು ನನ್ನ ತಪ್ಪನ್ನು ಬಿಚ್ಚಿ ಸರಿಪಡಿಸುವುದಕ್ಕೇ ಹೋಯಿತು.

ಹಂತ 1: ಪೊದೆ ಸವರಿದ್ದು, 13–14 ಜನವರಿ 2024

ಇಪ್ಪತ್ತೆರಡು ವಿದ್ಯಾರ್ಥಿಗಳು, ಒಂಬತ್ತು ಕತ್ತಿ, ನಾಲ್ಕು ಗುದ್ದಲಿ, ಎರಡು ಹಾರೆ. ಲಂಟಾನವನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರುವುದರಿಂದ ಬೇರುಸಹಿತ ಕೀಳಿಸಿದೆವು. ಒಂದು ದಿನದ ಕೆಲಸವೆಂದುಕೊಂಡದ್ದು ಎರಡು ದಿನವಾಯಿತು.

ಪೊದೆ ಹೋದ ಮೇಲೆ ಕಂದಕ ಪೂರ್ತಿ ಕಾಣಿಸಿತು. ಮಕ್ಕಳೆಲ್ಲ ಅದನ್ನು ಆನೆ ಕಂದಕವೆಂದೇ ನಂಬಿದ್ದರು. ಕಾಡಂಚಿನಲ್ಲಿ ಅರಣ್ಯ ಇಲಾಖೆ ತೋಡಿಸಿದ ಆನೆ ಕಂದಕಗಳನ್ನು ನೋಡುತ್ತಲೇ ಬೆಳೆದವರಿಗೆ ಬೇರೆ ಏನೂ ತೋಚುವುದಿಲ್ಲ. ಆದರೆ ಇದು ಯಂತ್ರ ಎಳೆದ ಗೆರೆಯಂತೆ ನೇರವಾಗಿರಲಿಲ್ಲ. ಗುಡ್ಡದ ಮೈಗೆ ತಕ್ಕಂತೆ ಬಳುಕಿ ಹೋಗಿತ್ತು. ತೋಡಿದ ಮಣ್ಣನ್ನೆಲ್ಲ ಒಂದೇ ಬದಿಗೆ ಏರಿಯಾಗಿ ಹಾಕಲಾಗಿತ್ತು. ಆ ಏರಿಯ ನೆತ್ತಿಯ ಮೇಲೆ ನಿಂತ ಹೊನ್ನೆ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ಟೇಪು ಹಿಡಿದು ನೋಡಿದರೆ 9 ಅಡಿ 2 ಇಂಚು. ಏರಿ ಆ ಮರಕ್ಕಿಂತ ಹಳೆಯದು ಎನ್ನಲು ಇನ್ನೊಂದು ಸಾಕ್ಷಿ ಬೇಕಾಗಲಿಲ್ಲ. ಅದು ಕಡಂಗ. ಕೊಡಗಿನ ಉದ್ದಗಲಕ್ಕೂ ಬೆಟ್ಟ, ಬಾಣೆ, ಗದ್ದೆಯಂಚುಗಳಲ್ಲಿ ಹಾಯುವ ಇಂಥ ಕಂದಕಗಳನ್ನು ನಾಡುನಾಡುಗಳ ಗಡಿಗೂ ಶತ್ರುವನ್ನು ತಡೆಯುವುದಕ್ಕೂ ತೋಡಲಾಗಿತ್ತು. ತರಗತಿಯಲ್ಲಿ ವರ್ಷಕ್ಕೊಂದು ಸಲ ನಾನೇ ಇದನ್ನು ಹೇಳುತ್ತೇನೆ, ಕಿಟಕಿಯಿಂದ ಇನ್ನೂರು ಅಡಿ ದೂರದಲ್ಲಿ ಒಂದಿದೆ ಎಂದು ತಿಳಿಯದೆ.

ಮಣ್ಣು ತುಂಬದ ಜಾಗದಲ್ಲಿ ಆಳ 11 ಅಡಿ, ಬಾಯಿಯ ಅಗಲ 14 ಅಡಿ. ನಮ್ಮ ಗೋಡೆಯ ನೇರಕ್ಕೆ ಮಾತ್ರ ಆಳ ಕೇವಲ 6 ಅಡಿ ಇತ್ತು. ಉಳಿದ 5 ಅಡಿಯಲ್ಲಿ 2019ರ ಮಣ್ಣು, ಒಡೆದ ಹೆಂಚು, ಊಟದ ತಟ್ಟೆಗಳು. ಅದನ್ನು ತೆಗೆಸುವ ಯೋಚನೆ ಆಗ ನನಗೆ ಬರಲಿಲ್ಲ. ಮೊದಲನೆಯ ತಪ್ಪು ಅದು.

ಹಂತ 2: ಕಲ್ಲುಬೆಂಚುಗಳು, 27 ಜನವರಿಯಿಂದ ಫೆಬ್ರವರಿ ಕೊನೆಯವರೆಗೆ

ಒಂದೊಂದು ಚಪ್ಪಡಿಯೂ 6 ಅಡಿ ಉದ್ದ, 18 ಇಂಚು ಅಗಲ, 4 ಇಂಚು ದಪ್ಪ. ತೂಕ ಸುಮಾರು 220 ಕಿಲೋ. ಏಳರಲ್ಲಿ ಎರಡು ವಾಲಿದ್ದವು, ಒಂದರ ಕಾಲುಗಲ್ಲು ಒಡೆದಿತ್ತು. ಮೂರು ಕಬ್ಬಿಣದ ಕೊಳವೆಗಳನ್ನು ಅಡಿಗೆ ಕೊಟ್ಟು, ಎರಡು ಹಾರೆಗಳಿಂದ ಮೀಟಿ ಉರುಳಿಸಿದರೆ ಆರು ಜನ ಸಾಕಾಗುತ್ತಾರೆ; ಎತ್ತಲು ಹೋದರೆ ಹನ್ನೆರಡು ಜನರೂ ಸಾಲದು, ಬೆರಳೂ ಉಳಿಯದು.

ಎರಡನೆಯ ತಪ್ಪು ಇಲ್ಲಿ ಆಯಿತು. ಹಾವಸೆ ತೆಗೆಯಲೆಂದು ಶೌಚಾಲಯಕ್ಕೆ ಬಳಸುವ ಆ್ಯಸಿಡ್ಡನ್ನು ನೀರಿಗೆ ಬೆರೆಸಿ ಎರಡು ಚಪ್ಪಡಿಗಳ ಮೇಲೆ ಹಾಕಿಸಿದೆ. ಸಂಜೆಗೆ ಬೆಳ್ಳಗೆ ಹೊಳೆದ ಕಲ್ಲು ಮೂರನೆಯ ದಿನ ಅಲ್ಲಲ್ಲಿ ಹಳದಿಗೆ ತಿರುಗಿ, ವಾರದೊಳಗೆ ತುಕ್ಕಿನ ಬಣ್ಣ ತಾಳಿತು. ಕಲ್ಲಿನೊಳಗಿನ ಕಬ್ಬಿಣದ ಅಂಶವನ್ನು ಆ್ಯಸಿಡ್ ಹೊರಗೆಳೆದಿತ್ತು. ಆ ಕಲೆ ಇಂದಿಗೂ ಹೋಗಿಲ್ಲ. ಉಳಿದ ಐದನ್ನು ಬರೀ ನೀರು ಹಾಕಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದೆವು. ಎರಡು ದಿನ ಹೆಚ್ಚು ಹಿಡಿಯಿತು, ಅಷ್ಟೇ.

ನಾಲ್ಕನೆಯ ಚಪ್ಪಡಿಯನ್ನು ಮಗುಚಿದಾಗ ಅದರ ಅಡಿಯಲ್ಲಿ ಒಂದು ಕೊನೆಯಿಂದ ಏಳು ಇಂಚು ಒಳಗೆ, ಅಡ್ಡಕ್ಕೆ, ಎರಡು ಇಂಚು ಅಗಲ, ಒಂದೂವರೆ ಇಂಚು ಆಳದ ತೋಡು ಕೆತ್ತಿರುವುದು ಕಂಡಿತು. ತೋಡಿನ ಒಳಮೈ ಕೈಯಾಡಿಸಿದರೆ ನುಣುಪಾಗಿತ್ತು, ಅದರಂಚಿನಲ್ಲಿ ಕಪ್ಪು ಜಿಡ್ಡು. ಕೂರುವ ಬೆಂಚಿಗೆ ಈ ತೋಡು ಏಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ‘ಯಾವುದೋ ಹಳೆಯ ಕಟ್ಟಡದ ಕಲ್ಲಿರಬೇಕು’ ಎಂದು ಹೇಳಿ ಮತ್ತೆ ಬೋರಲು ಹಾಕಿಸಿದೆ. ಆ ಪ್ರಶ್ನೆಯನ್ನು ಅಂದೇ ಹಿಡಿದು ಹೋಗಿದ್ದರೆ ಮುಂದಿನ ಹಂತದ ಖರ್ಚು ಉಳಿಯುತ್ತಿತ್ತು.

ಹಂತ 3: ಗೋಡೆಯ ಮೊದಲ ಪ್ರಯತ್ನ, 4–14 ಮಾರ್ಚ್ 2024

ಶಿವರಾತ್ರಿ ಮತ್ತು ಭಾನುವಾರ ಕಳೆದು ಒಂಬತ್ತು ದಿನಗಳ ಕೆಲಸ. ಬಿರುಕುಬಿಟ್ಟ 14 ಅಡಿಯನ್ನು ಬುಡದವರೆಗೆ ಬಿಚ್ಚಿ, ಒಂದಕ್ಕೆ ಆರರ ಸಿಮೆಂಟ್ ಗಾರೆಯಲ್ಲಿ ನೆಟ್ಟಗೆ ಕಟ್ಟಿಸಿದೆವು. ನೀರು ಹೊರಬರಲೆಂದು ಎರಡು ಇಂಚಿನ ಆರು ಕೊಳವೆ ತುಂಡುಗಳನ್ನು ಇಡಿಸಿದೆ. ಗೋಡೆಯ ಹಿಂದಕ್ಕೆ ತೆಗೆದ ಮಣ್ಣನ್ನೇ ತುಂಬಿ ಗುದ್ದಿಸಿದೆವು. ನೋಟ ಒಂದೇ ತೆರನಾಗಿರಲಿ ಎಂಬ ನನ್ನ ಆಸೆಗೆ, ಚೆನ್ನಾಗಿಯೇ ನಿಂತಿದ್ದ ಉಳಿದ 27 ಅಡಿ ಹಳೆಯ ಗೋಡೆಯ ಸಂದುಗಳಿಗೂ ಸಿಮೆಂಟ್ ತುಂಬಿಸಿದೆ. ಆ ಹಳೆಯ ಭಾಗ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ, ಚಕ್ಕೆ ಕೊಟ್ಟು ಕಟ್ಟಿದ್ದು. ಮೇಸ್ತ್ರಿಯವರು ಅದನ್ನು ನೋಡಿ, ‘ಸರ್, ಇದನ್ನು ಮುಟ್ಟದಿದ್ದರೆ ಒಳ್ಳೆಯದಿತ್ತು’ ಎಂದಿದ್ದರು. ನಾನು ಕೇಳಲಿಲ್ಲ.

ಸಿಮೆಂಟ್ 14 ಚೀಲಕ್ಕೆ ₹5,460, ಎಂ-ಸ್ಯಾಂಡ್ ಒಂದು ಲೋಡಿಗೆ ₹6,500, ಹೊಸ ಸೈಜುಗಲ್ಲು 140ಕ್ಕೆ ₹5,600, ಇಬ್ಬರು ಮೇಸ್ತ್ರಿಗಳಿಗೆ ₹19,800, ಮೂವರು ಸಹಾಯಕರಿಗೆ ₹20,250, ಕೊಳವೆಗೆ ₹640. ಒಟ್ಟು ₹58,250. ಮಾರ್ಚ್ ಕೊನೆಗೆ ಹೂಮಳೆ ಬಂದು ಅಕ್ಕಪಕ್ಕದ ತೋಟಗಳಲ್ಲಿ ಕಾಫಿ ಅರಳಿದಾಗ ಗೋಡೆಯ ಮುಂದೆ ನಿಂತು ಎಲ್ಲರೂ ಚಿತ್ರ ತೆಗೆಸಿಕೊಂಡೆವು.

ಹಂತ 4: ಕುಸಿತ, 18 ಜುಲೈ 2024

ನಮ್ಮಲ್ಲಿ ಮಳೆಯನ್ನು ಇನ್ನೂ ಇಂಚು, ಸೆಂಟುಗಳಲ್ಲೇ ಅಳೆಯುತ್ತಾರೆ; ನೂರು ಸೆಂಟಿಗೆ ಒಂದು ಇಂಚು. ಕಾಲೇಜಿನ ಮಳೆಮಾಪಕದಲ್ಲಿ ಜುಲೈ 15ರಿಂದ ನಾಲ್ಕು ದಿನಗಳಲ್ಲಿ 14 ಇಂಚು 30 ಸೆಂಟು ಬಿತ್ತು. ಹದಿನಾರರಂದು ದಾರ ಕಟ್ಟಿ ನೋಡಿದಾಗ ಗೋಡೆಯ ನಡುಭಾಗ ಎರಡೂವರೆ ಇಂಚು ಉಬ್ಬಿತ್ತು. ಆರು ಕೊಳವೆಗಳಲ್ಲಿ ನಾಲ್ಕು ಒಣಗಿದ್ದವು. ಅಷ್ಟು ಮಳೆಯಲ್ಲಿ ಕೊಳವೆ ಒಣಗಿರುವುದೇ ಕೆಟ್ಟ ಸೂಚನೆ. ಕಂಬಿ ಹಾಕಿ ತಿವಿದರೆ ಒಳಗೆ ಜೇಡಿ ಗಟ್ಟಿಯಾಗಿ ಕೂತಿತ್ತು. ಹದಿನೆಂಟರ ರಾತ್ರಿ 9 ಅಡಿ ಗೋಡೆ ಇಡಿಯಾಗಿ, ಹಲಗೆಯಂತೆ, ಕಡಂಗದೊಳಗೆ ಮಗುಚಿಕೊಂಡಿತು. ರಜೆ ಇದ್ದುದರಿಂದ ಅಲ್ಲಿ ಯಾರೂ ಇರಲಿಲ್ಲ.

ಮಳೆಗಾಲದಲ್ಲಿ ಮಾಡುವುದೇನೂ ಇಲ್ಲ. ಮಣ್ಣಿನ ಮೇಲೆ ಟಾರ್ಪಾಲು ಹೊದಿಸಿ, ಮರಳಿನ ಚೀಲ ಪೇರಿಸಿ, ನವೆಂಬರ್‌ವರೆಗೆ ಕಾದೆವು. ಆ ನಡುವೆ ಮಾಡಬೇಕಾದ ಕೆಲಸವೊಂದನ್ನು ತಡವಾಗಿ ಮಾಡಿದೆ: ಕಚೇರಿಯ ಕಪಾಟಿನಲ್ಲಿದ್ದ ಜಾಗದ ಮೂಲ ಕಡತವನ್ನು ತೆರೆದೆ.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವ ಮೊದಲಿನ ಕಾಗದಗಳು ಅವು. ಅವುಗಳ ಜೊತೆ ಬಟ್ಟೆಗೆ ಅಂಟಿಸಿದ ಒಂದು ಕೈನಕ್ಷೆ. ನಮ್ಮ ಗ್ರಂಥಾಲಯ ಇರುವಲ್ಲಿ ‘ಪಲ್ಪರ್ ಮನೆ’ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ), ಬುತ್ತಿಕಟ್ಟೆ ಇರುವಲ್ಲಿ ‘ಕಾಫಿ ಕಣ’, ಎರಡರ ನಡುವೆ ನಾಲ್ಕು ಚೌಕಗಳು, ಆ ಚೌಕಗಳಿಂದ ಕಣದ ಅಡಿಯಲ್ಲಿ ಹಾದು ಕಡಂಗದತ್ತ ಹೋಗುವ ಒಂದು ಚುಕ್ಕೆಗೆರೆ. ಮಡಿಕೇರಿಯಲ್ಲಿ ಫೌಲರ್ ಎಂಬ ಪ್ಲಾಂಟರ್ 1854ರಲ್ಲಿ ತೋಟ ತೆರೆದ ನಂತರ ಕೊಡಗಿನ ಗುಡ್ಡಗಳಲ್ಲಿ ಯುರೋಪಿಯನ್ನರ ಕಾಫಿ ಹಬ್ಬಿದ್ದು, ನೆರಳಿಗೆಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದದ್ದು ನಾನು ಪಾಠ ಮಾಡುವ ಸಂಗತಿಗಳೇ. ಆ ಚರಿತ್ರೆಯ ಒಂದು ತುಂಡು ನಾನು ಬುತ್ತಿ ಬಿಚ್ಚಿ ಕೂರುತ್ತಿದ್ದ ಜಾಗದ ಕೆಳಗೇ ಇತ್ತು, ಅದರ ನಕ್ಷೆ ನನ್ನ ಕೊಠಡಿಗೆ ಮೂರು ಬಾಗಿಲು ಆಚೆ ಇತ್ತು. ₹58,250 ಖರ್ಚು ಮಾಡಿದ ಮೇಲೆ ಅದನ್ನು ಬಿಡಿಸಿ ನೋಡಿದ ಇತಿಹಾಸದ ಮೇಷ್ಟ್ರು ನಾನು.

ಹಂತ 5: ಚರಂಡಿಯ ಹುಡುಕಾಟ, 23 ನವೆಂಬರ್ 2024ರಿಂದ

ಜೆಸಿಬಿ ತರಿಸೋಣ ಎಂದು ಹಲವರು ಹೇಳಿದರು. ಕಡಂಗದ ಏರಿಗೆ ಗಾಯವಾಗಬಾರದೆಂದು ಬೇಡವೆಂದೆ. ಈ ಕೆಲಸದಲ್ಲಿ ನಾನು ತೆಗೆದುಕೊಂಡ ಕೆಲವೇ ಸರಿಯಾದ ತೀರ್ಮಾನಗಳಲ್ಲಿ ಇದೊಂದು. ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ತಂದು, ಮಣ್ಣು, ಕಸವನ್ನು ಬಾಂಡ್ಲಿಯಲ್ಲಿ ಹೊತ್ತು ನಾಲ್ಕು ಟ್ರ್ಯಾಕ್ಟರ್ ಲೋಡು ಸಾಗಿಸಿದೆವು. ಐದು ಶನಿವಾರಗಳು ಹಿಡಿದವು.

ಚುಕ್ಕೆಗೆರೆಯ ಜಾಡು ಹಿಡಿದು ಅಂಗಳದಲ್ಲಿ ಎರಡು ಕಡೆ ತೋಡಿದೆವು, ಏನೂ ಸಿಗಲಿಲ್ಲ. ಆಗ ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಈಗಲೂ ಇರುವ, ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ವಿದ್ಯಾರ್ಥಿಯೊಬ್ಬ ಕರೆತಂದ. ಎಂಟು ಹತ್ತು ವರ್ಷದವರಿದ್ದಾಗ ಈ ಕಣದಲ್ಲಿ ತಾಯಿಯ ಜೊತೆ ಕಾಫಿ ಹರಡಿದವರು ಅವರು. ಅಂಗಳವನ್ನು ಒಮ್ಮೆ ನೋಡಿ, ‘ಇಷ್ಟು ಮಣ್ಣು ಯಾರು ಹಾಕಿದ್ದು ಮೇಷ್ಟ್ರೇ?’ ಎಂದು ಕೇಳಿ, ನಾವು ತೋಡಿದ ಕುಳಿಗಳಿಂದ ಎಂಟು ಅಡಿ ಉತ್ತರಕ್ಕೆ ನಡೆದು ಕೋಲನ್ನು ನೆಲಕ್ಕೆ ಊರಿದರು. ‘ತೂಬು ಇಲ್ಲಿತ್ತು. ತೊಳೆದ ನೀರು ಇಲ್ಲಿಂದಲೇ ಹೋಗುತ್ತಿತ್ತು, ವಾಸನೆ ತಡೆಯಲಿಕ್ಕಾಗುತ್ತಿರಲಿಲ್ಲ.’ ನಾಲ್ಕನೆಯ ಚಪ್ಪಡಿಯನ್ನು ತೋರಿಸಿದಾಗ ತೋಡಿನಲ್ಲಿ ಬೆರಳಾಡಿಸಿ, ಇದು ತೊಟ್ಟಿಯ ಬಾಯಿಯ ಕಲ್ಲು, ಈ ತೋಡಿನಲ್ಲಿ ಮರದ ಹಲಗೆ ಇಳಿಸಿ ನೀರು ನಿಲ್ಲಿಸುತ್ತಿದ್ದರು, ಹಲಗೆ ಎತ್ತಿದರೆ ನೀರು ಬಿಡುತ್ತಿತ್ತು ಎಂದು ವಿವರಿಸಿದರು. ನಕ್ಷೆಯ ನಾಲ್ಕು ಚೌಕಗಳು ಕಾಫಿ ತೊಳೆಯುವ ತೊಟ್ಟಿಗಳೆಂಬುದು ಹೀಗೆ ತಿಳಿಯಿತು. ಹಣ್ಣಿನ ಸಿಪ್ಪೆ ಬಿಡಿಸಿ, ಅಂಟು ಕೊಳೆಯಲು ತೊಟ್ಟಿಯಲ್ಲಿಟ್ಟು, ತೊಳೆದು, ಆಮೇಲೆ ಕಣದಲ್ಲಿ ಒಣಗಿಸುವುದು ಪಾರ್ಚ್‌ಮೆಂಟ್ ಕಾಫಿಯ ಕ್ರಮ. ಅದಕ್ಕೆ ಧಾರಾಳ ನೀರು ಬೇಕು, ಬಳಸಿದ ನೀರು ಹೋಗಲು ದಾರಿಯೂ ಬೇಕು.

ಅಜ್ಜಿ ತೋರಿಸಿದಲ್ಲಿ 3 ಅಡಿ 4 ಇಂಚು ಆಳಕ್ಕೆ ಹಾರೆ ಟಣ್ ಎಂದಿತು. ಮೇಲೆ ಹಾಸುಗಲ್ಲು, ಕೆಳಗೆ 9 ಇಂಚು ಅಗಲ, 11 ಇಂಚು ಆಳದ ಕಲ್ಲಿನ ಚರಂಡಿ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಮುಕ್ಕಾಲು ಪಾಲು ಹೂಳು, ಮೇಲಿನ ಮೂರು ಇಂಚಿನಲ್ಲಿ ತಣ್ಣನೆಯ ನೀರು ಇನ್ನೂ ಸದ್ದಿಲ್ಲದೆ ಹರಿಯುತ್ತಿತ್ತು. ಕಡಂಗದ ಕಡೆಯ ಬಾಯಿ 2019ರ ಮಣ್ಣಿನಿಂದ ಮುಚ್ಚಿಹೋಗಿತ್ತು. ಅದರ ಮುಂದೆ ನಾನು ಸಿಮೆಂಟ್ ಗೋಡೆ ಎಬ್ಬಿಸಿದ್ದೆ, ಹಳೆಯ ಗೋಡೆಯ ಸಂದುಗಳಿಗೂ ಬಿರಟೆ ಹಾಕಿದ್ದೆ. ಗುಡ್ಡದ ನೀರೆಲ್ಲ ಬಂದು ನಿಲ್ಲುವುದಕ್ಕೆ ಅಚ್ಚುಕಟ್ಟಾದ ತೊಟ್ಟಿಯೊಂದನ್ನು ಕಟ್ಟಿಕೊಟ್ಟಂತಾಗಿತ್ತು.

ಹಂತ 6: ಎರಡನೆಯ ಗೋಡೆ, ಹುತ್ತರಿ ಹಬ್ಬ ಕಳೆದ ಮೇಲೆ, ಜನವರಿ 2025

ಹಾಸುಗಲ್ಲುಗಳಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಎತ್ತಿ, 46 ಅಡಿ ಚರಂಡಿಯ ಹೂಳು ತೆಗೆದು, ಅದೇ ಕ್ರಮದಲ್ಲಿ ಮುಚ್ಚಿದೆವು. ಮೊದಲ ದಿನದ ಸಂಖ್ಯೆಗಳು ರಾತ್ರಿಯ ಇಬ್ಬನಿಗೆ ಅಳಿಸಿಹೋದವು; ಮರುದಿನದಿಂದ ಬಣ್ಣದಲ್ಲಿ ಬರೆದೆವು. ಕಡಂಗದ ಬಾಯಿಯಲ್ಲಿ ನೀರು ಧುಮುಕಿ ನೆಲ ಕೊರೆಯದಂತೆ 4 ಅಡಿ ಚೌಕದ ಕಲ್ಲುಹಾಸು ಹಾಕಿದೆವು.

ಗೋಡೆಯನ್ನು ಈ ಸಲ ಪೂರ್ತಿ ಮೇಸ್ತ್ರಿಯವರ ಮಾತಿನಂತೆ ಕಟ್ಟಲಾಯಿತು. ಬುಡದಲ್ಲಿ 30 ಇಂಚು ದಪ್ಪ, ತಲೆಯಲ್ಲಿ 19 ಇಂಚು. ಮುಂಬದಿ ಪ್ರತಿ ಆರು ಇಂಚು ಎತ್ತರಕ್ಕೆ ಒಂದು ಇಂಚು ಒಳಕ್ಕೆ ವಾಲುತ್ತದೆ. ಗಾರೆ ಇಲ್ಲ. ಪ್ರತಿ ಮೂರು ಅಡಿಗೊಂದು, ಗೋಡೆಯ ದಪ್ಪಕ್ಕೆ ಹಾಯುವ ಉದ್ದಗಲ್ಲು. ಹಿಂದೆ 18 ಇಂಚು ಅಗಲಕ್ಕೆ ಜಲ್ಲಿ, ಜಲ್ಲಿ ಮತ್ತು ಮಣ್ಣಿನ ನಡುವೆ ನೀರು ಸೋಸುವ ಬಟ್ಟೆ, ತಳದಲ್ಲಿ ತೂತು ಕೊರೆದ ನಾಲ್ಕು ಇಂಚಿನ ಕೊಳವೆಯನ್ನು ಹಳೆಯ ಚರಂಡಿಗೆ ಕೂಡಿಸಲಾಗಿದೆ. ತೂತುಗಳನ್ನು ನಾನು ಮೇಲ್ಮುಖವಾಗಿ ಇಡಿಸಿದ್ದೆ. ಮೇಸ್ತ್ರಿಯವರು ಸಿಟ್ಟಾಗದೆ ಕೊಳವೆಯನ್ನು ತಿರುಗಿಸಿ ಕೆಳಮುಖ ಮಾಡಿದರು. ಉಳಿದ 27 ಅಡಿಯ ಸಂದುಗಳಿಂದ ನಾನು ತುಂಬಿಸಿದ್ದ ಸಿಮೆಂಟನ್ನು ಮಕ್ಕಳು ಉಳಿ, ಸುತ್ತಿಗೆ ಹಿಡಿದು ಕೆರೆದು ತೆಗೆದರು. ತುಂಬುವುದಕ್ಕೆ ಒಂದು ದಿನ ಹಿಡಿದಿತ್ತು, ಬಿಡಿಸಲು ಮತ್ತೆ ಐದು ಶನಿವಾರ.

ಜಲ್ಲಿ ಎರಡು ಲೋಡಿಗೆ ₹10,400, ಕೊಳವೆಗೆ ₹1,240, ಬಟ್ಟೆಗೆ ₹2,100, ಮೇಸ್ತ್ರಿಯವರ 16 ದಿನಗಳಿಗೆ ₹19,200, ಇಬ್ಬರು ಸಹಾಯಕರಿಗೆ ₹24,000, ಟ್ರ್ಯಾಕ್ಟರಿಗೆ ₹3,600. ಒಟ್ಟು ₹60,540. ಕಲ್ಲು ಒಂದನ್ನೂ ಕೊಳ್ಳಲಿಲ್ಲ.

ಹಂತ 7: ಮಂಟಪದ ಹೆಂಚು, ಫೆಬ್ರವರಿ–ಮಾರ್ಚ್ 2025

412 ಹೆಂಚುಗಳನ್ನು ಇಳಿಸಿದೆವು, 57 ಒಡೆದಿದ್ದವು. ಕೆಲವು ಹೆಂಚುಗಳ ಬೆನ್ನಿಗೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿದ್ದುದನ್ನು ನೋಡಿ ಮಕ್ಕಳು ಮಂಟಪಕ್ಕೆ ನೂರ ಅರುವತ್ತು ವರ್ಷವೆಂದು ಹಿಗ್ಗಿ ಫಲಕ ಬರೆಯಲು ಹೊರಟಿದ್ದರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚು ಬೆಂದ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಬೇರೆಯವರ ಕೈಗೆ ಹೋದದ್ದರಿಂದ ಮಿಷನ್ನಿನ ಹೆಸರಿನ ಹೆಂಚು ಅದಕ್ಕಿಂತ ಈಚಿನದಿರಲಾರದು ಎಂದಷ್ಟೇ ಹೇಳಬಹುದು. ಮಂಟಪವಂತೂ ಅಷ್ಟು ಹಳೆಯದಲ್ಲ: ಪಲ್ಪರ್ ಮನೆ ಕೆಡವಿದಾಗ ಸಿಕ್ಕ ಹೆಂಚು, ಕಲ್ಲುಗಳನ್ನು ಮಂಟಪಕ್ಕೂ ಬೆಂಚುಗಳಿಗೂ ಬಳಸಿದ್ದಾಗಿ ಕಡತದಲ್ಲಿ ಒಂದು ಸಾಲಿದೆ. ಬೆಂಚು, ಹೆಂಚು ಎರಡಕ್ಕೂ ಸೇರಿ ಖರ್ಚಾದದ್ದು ₹9,400. ಎಲ್ಲ ಕೂಡಿದರೆ ₹1,28,190; ಹೆಚ್ಚಾದ ₹8,190 ನನ್ನ ಕಿಸೆಯಿಂದ ಹೋಯಿತು, ಅದು ನ್ಯಾಯವೂ ಹೌದು.

ಹಂತ 8: ಮಳೆಯ ಪರೀಕ್ಷೆ, ಮೇ 2025

ಗೋಡೆಯ ತಲೆಗೆ ಹುಲ್ಲು ನೆಡಲು ಜೂನ್ ಮೊದಲ ವಾರವನ್ನು ಗೊತ್ತುಮಾಡಿದ್ದೆವು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಅದರ ಬೆನ್ನಿಗೇ ನಮ್ಮಲ್ಲಿಗೂ ಬಂತು. ಹುಲ್ಲಿಲ್ಲದ ಮಣ್ಣು ಎರಡು ಕಡೆ ಕೊಚ್ಚಿಹೋಗಿ ಜಲ್ಲಿಯ ಮೇಲೆ ಕೂತಿತು. ಅದನ್ನು ಕೈಯಿಂದ ಆರಿಸಿ ತೆಗೆದು ಸೆಣಬಿನ ಚೀಲ ಹಾಸಿದೆವು. ಮೊದಲ ಜೋರು ಮಳೆ ಶುರುವಾಗಿ ನಲವತ್ತು ನಿಮಿಷಕ್ಕೆ ಚರಂಡಿಯ ಬಾಯಲ್ಲಿ ಕೆಂಪು ನೀರು ಕಾಣಿಸಿತು, ಸಂಜೆಯೊಳಗೆ ತಿಳಿಯಾಯಿತು. ಹಳೆಯ ಗೋಡೆಯ ಸಂದುಗಳಿಂದಲೂ ಸಣ್ಣ ಎಳೆಗಳಲ್ಲಿ ನೀರು ಜಿನುಗುತ್ತಿತ್ತು. ದಾರ ಕಟ್ಟಿ ನೋಡಿದರೆ ಉಬ್ಬು ಇಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ನೋಡಿದಾಗಲೂ ಗೋಡೆ ಕಾಲು ಇಂಚು ಸಹ ಅಲುಗಿರಲಿಲ್ಲ.

ಬಗೆಹರಿಯದೆ ಉಳಿದದ್ದು ಎರಡು. ಚರಂಡಿಯ ಮೇಲ್ತುದಿ ಗ್ರಂಥಾಲಯದ ಪಾಯದ ಅಡಿಗೆ ಹೋಗುತ್ತದೆ. ಅಲ್ಲಿ ತೋಡುವಂತಿಲ್ಲ, ಆದ್ದರಿಂದ ಆ ಭಾಗದ ಹೂಳು ಹಾಗೆಯೇ ಇದೆ. ಇನ್ನೊಂದು, ಅಡಿಯಲ್ಲಿ ತೋಡು ಇರುವ ಆ ನಾಲ್ಕನೆಯ ಚಪ್ಪಡಿಯದು. ಚರಂಡಿ ತೋಡಿ ಮುಚ್ಚಿದ ಸಡಿಲು ಮಣ್ಣಿನ ಮೇಲೆಯೇ ಅದರ ಒಂದು ಕಾಲನ್ನು ನಿಲ್ಲಿಸಿದ್ದರಿಂದ ಈ ಮಳೆಗಾಲದಲ್ಲಿ ಆ ಮೂಲೆ ಒಂದೂವರೆ ಇಂಚು ಕುಸಿದಿದೆ. ಸದ್ಯಕ್ಕೆ ಸಿಲ್ವರ್ ಓಕಿನ ಬೆಣೆ ಕೊಟ್ಟು, ಕೂರಬಾರದೆಂದು ಕೆಂಪು ಬಟ್ಟೆ ಕಟ್ಟಿದ್ದೇವೆ. ಮಣ್ಣು ಒಣಗಿದ ಮೇಲೆ ಡಿಸೆಂಬರಿನಲ್ಲಿ ಅದನ್ನು ಎತ್ತಿ, ಕಾಲಿನ ಕೆಳಗೆ ಒಂದೂವರೆ ಅಡಿ ಜಲ್ಲಿ ತುಂಬಿ, ಈ ಸಲ ತೋಡು ಮೇಲೆ ಕಾಣುವಂತೆ ಮಗುಚಿ ಕೂರಿಸಬೇಕು. ಅದಕ್ಕೆ ಬೇಕಾದ ಇಪ್ಪತ್ತು ಬಾಂಡ್ಲಿ ಜಲ್ಲಿಯನ್ನು ಮಂಟಪದ ಹಿಂದೆ ಟಾರ್ಪಾಲು ಹೊದಿಸಿ ಇಟ್ಟಿದೆ.